ಮೂವರಿಗೆ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ

ಕಾಫಿಕಣ, ಸಿದ್ದಾಪುರ

ನಮ್ಮದು ಕೊಡಗಿನ ಸಿದ್ದಾಪುರದ ಹತ್ತಿರ ಸಣ್ಣ ಕಾಫಿ ತೋಟ. ಜನವರಿಯಲ್ಲಿ ರೊಬಸ್ಟಾ ಚೆರಿ (ಸಿಪ್ಪೆ ಸಮೇತ ಕಾಫಿ ಹಣ್ಣು) ಒಣಗಿಸುವಾಗ ಒಂದು ಎಡವಟ್ಟಾಯಿತು. ಒಣಗಿದೆ ಅಂತ ಚೀಲ ತುಂಬಿಸಿ ಗೋಡೌನಿಗೆ ಹಾಕಿಸಿದೆ. ಮೂರು ವಾರ ಬಿಟ್ಟು ವ್ಯಾಪಾರಿ ಬಂದು ನೋಡಿದರೆ ತೇವ 14 ಪರ್ಸೆಂಟ್. ರೊಬಸ್ಟಾ ಚೆರಿಗೆ 11 ದಾಟಬಾರದು. 22 ಚೀಲ ಒಳಗೆ ಬಿಸಿಯಾಗಿ ಬೂಷ್ಟಿನ ವಾಸನೆ ಹೊಡೆಯುತ್ತಿತ್ತು. ಅವನ್ನು ಅವರು ಮುಟ್ಟಲೇ ಇಲ್ಲ. ಉಳಿದದ್ದಕ್ಕೆ ರೇಟು ಇಳಿಸಿದರು.

ಆಮೇಲೆ ವಿಚಾರಿಸಿದೆ. ಕಣದಲ್ಲಿ ಚೆರಿ ಕೈಯಾಡಿಸುವ ಹೆಂಗಸಿಗೆ ಗೊತ್ತಿತ್ತು. ಒಣಗಿದ ಕಾಯಿ ಕಿವಿ ಹತ್ತಿರ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಆ ಕಾಯಿ ಹಾಗೆ ಸದ್ದು ಮಾಡಿರಲಿಲ್ಲ. ಚೀಲ ಹೊತ್ತ ಹುಡುಗನಿಗೆ ಹೆಗಲಿಗೆ ಭಾರ ಜಾಸ್ತಿ ಅನ್ನಿಸಿತ್ತು. ನಮ್ಮ ರೈಟರಿಗೆ, ಅಂದರೆ ತೋಟದ ಲೆಕ್ಕ ಬರೆಯುವವರಿಗೆ, ತೇವ ಅಳೆಯುವ ಮೀಟರ್ ಒಂಬತ್ತನೇ ದಿನಕ್ಕೇ 11 ತೋರಿಸಿದ್ದು ವಿಚಿತ್ರ ಅನ್ನಿಸಿತ್ತು. ನಮ್ಮ ಕಣದಲ್ಲಿ ಎರಡು ವಾರವಾದರೂ ಬೇಕು. ನೋಡಿದರೆ ಮೀಟರು ಡಿಸೆಂಬರಿನಲ್ಲಿ ಅರೇಬಿಕಾ ಪಾರ್ಚ್‌ಮೆಂಟಿಗೆ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸುವ ಕಾಫಿಗೆ) ಇಟ್ಟ ಸೆಟ್ಟಿಂಗಿನಲ್ಲೇ ಉಳಿದಿತ್ತು.

ಮೂವರೂ ಬಾಯಿ ಬಿಡಲಿಲ್ಲ. 'ಏನಿದ್ದರೂ ನೇರ ನನ್ನ ಹತ್ತಿರ ಬನ್ನಿ' ಅಂತ ನಾನು ಹೇಳುತ್ತಲೇ ಇರುತ್ತೇನೆ. ಮನೆ ಬಾಗಿಲು ಹಾಕಿದ್ದೇ ಇಲ್ಲ. ಇನ್ನೇನು ಮಾಡಬೇಕಿತ್ತು?

ಹೋಂಸ್ಟೇ ಅಕ್ಕ, ಮಡಿಕೇರಿ

ಅಯ್ಯೋ, 22 ಚೀಲ! ಈಗಿನ ರೇಟಿಗೆ ಹೊಟ್ಟೆ ಉರಿಯುತ್ತೆ. ನಮ್ಮಲ್ಲೂ ಇದೇ ಕಥೆ. ಗೀಸರ್ ಕೆಟ್ಟಿದ್ದು ರೂಮ್ ಬಾಯ್‌ಗೆ ಗೊತ್ತು, ಅಡುಗೆಯವನಿಗೆ ಗೊತ್ತು. ನನಗೆ ಗೊತ್ತಾಗಿದ್ದು ಗೆಸ್ಟ್ ಬೆಳಿಗ್ಗೆ ಆರಕ್ಕೆ ಬಕೆಟ್ ಹಿಡಿದು ಬಂದಾಗ.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಇದರಲ್ಲಿ ಮಾತಿನ ಪ್ರಶ್ನೆ ಎಲ್ಲಿಂದ ಬಂತು? ಮೀಟರ್ ಸೆಟ್ಟಿಂಗ್ ನೋಡುವುದು ರೈಟರ್ ಕೆಲಸ. ನೋಡಲಿಲ್ಲ. ಅಷ್ಟೇ. ಕುಯ್ಲಿನ ಟೈಮಿನಲ್ಲಿ ಎಲ್ಲರನ್ನೂ ಕೂರಿಸಿಕೊಂಡು ಅಭಿಪ್ರಾಯ ಕೇಳುತ್ತಾ ಕೂತರೆ ಹಣ್ಣು ಗಿಡದಲ್ಲೇ ಒಣಗುತ್ತದೆ. ಯಾರ ಕೆಲಸ ಯಾವುದು ಅಂತ ಗೋಡೆಗೆ ಬರೆದು ಅಂಟಿಸಿ. ಹತ್ತು ಬಾಯಿಗಿಂತ ಒಂದು ಪಟ್ಟಿ ಒಳ್ಳೆಯದು.

ಕುಶಾಲನಗರದ ಹುಡುಗ, ಸದ್ಯ ಬೆಂಗಳೂರು

ಸುಬೇದಾರ್ ಸರ್, ಪಟ್ಟಿ ಬೇಕು, ಒಪ್ಪಿದೆ. ಆದರೆ ಪಟ್ಟಿ ಹಿಡಿದವನೇ ತಪ್ಪಿದರೆ ಯಾರು ಹೇಳಬೇಕು? 1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದಲ್ಲಿ ಮಂಜು ಮುಸುಕಿತ್ತು, ನಮ್ಮ ಮಡಿಕೇರಿ ಥರ. ಎರಡು ಜಂಬೋ ವಿಮಾನ ರನ್‌ವೇ ಮೇಲೇ ಡಿಕ್ಕಿಯಾಗಿ 583 ಜನ ಸತ್ತರು. ಹೊರಟ ವಿಮಾನದ ಕ್ಯಾಪ್ಟನ್ ಕಂಪನಿಯಲ್ಲೇ ಹೆಸರು ಮಾಡಿದ ಸೀನಿಯರ್, ಬೇರೆ ಪೈಲಟ್‌ಗಳಿಗೆ ಪಾಠ ಹೇಳುವವರು. ಆ ಇನ್ನೊಂದು ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ವಾ ಅಂತ ಫ್ಲೈಟ್ ಎಂಜಿನಿಯರ್ ಕೇಳಿದರು. ಬಿಟ್ಟಿದೆ ಅಂತ ಕ್ಯಾಪ್ಟನ್ ಕಡೆಯಿಂದ ಗಟ್ಟಿಯಾಗಿ ಉತ್ತರ ಬಂತು. ಅವರು ಮತ್ತೆ ಕೇಳಲಿಲ್ಲ. ಅಂಥ ಅಪಘಾತಗಳಾದ ಮೇಲೆಯೇ ಪೈಲಟ್‌ಗಳಿಗೆ, ಸಿಬ್ಬಂದಿಗೆ 'ಸಂಶಯ ಬಂದರೆ ಹೇಳಿ, ಹೇಳಿದ್ದನ್ನು ಕೇಳಿ' ಅಂತ ಬೇರೆ ತರಬೇತಿಯೇ ಶುರುವಾಗಿದ್ದು.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ವಿಮಾನಕ್ಕೂ ಕಾಫಿ ಕಣಕ್ಕೂ ಹೋಲಿಸಬೇಡಿ. ಸೈನ್ಯದಲ್ಲೂ ಬ್ರೀಫಿಂಗ್ ಮುಗಿದ ಮೇಲೆ 'ಕೋಯಿ ಶಕ್?' ಅಂತ ಕೇಳುತ್ತಾರೆ. ಯಾವುದಾದರೂ ಸಂಶಯ ಇದ್ದರೆ ಆಗಲೇ ಕೇಳಬೇಕು. ಆಮೇಲೆ ಆರ್ಡರ್ ಅಂದರೆ ಆರ್ಡರ್.

ಹೋಂಸ್ಟೇ ಅಕ್ಕ, ಮಡಿಕೇರಿ

ಒಂದು ಮಾತು ಕೇಳಲಾ ಸರ್? ನಿಮ್ಮ ಸರ್ವಿಸಿನಲ್ಲಿ ಎಷ್ಟು ಜನ 'ಶಕ್ ಇದೆ' ಅಂತ ಕೈ ಎತ್ತಿದ್ದರು?

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಒಬ್ಬ. ಅವನಿಗೆ ಆಮೇಲೆ ಸಿಕ್ಕಾಪಟ್ಟೆ ರೇಗಿಸಿದ್ದೆವು. ಸರಿ, ಅರ್ಥವಾಯಿತು ಬಿಡಿ.

20 ವರ್ಷದ ರೈಟರ್, ಅಮ್ಮತ್ತಿ

ನಾನು ಬೇರೆ ತೋಟದಲ್ಲಿ 20 ವರ್ಷದಿಂದ ರೈಟರ್. ಆ ರೈಟರ್ ಪರವಾಗಿ ಎರಡು ಮಾತು. ಮೀಟರ್ ಯಾಕೋ ಸರಿ ಇಲ್ಲ ಅಂತ ಸಾಹುಕಾರರಿಗೆ ಹೇಳಿದರೆ ಮುಂದಿನ ಪ್ರಶ್ನೆ ಏನಿರುತ್ತೆ? 'ಹಾಗಾದರೆ ಒಂಬತ್ತು ದಿನ ಏನು ನೋಡಿದೆ?' ಸುದ್ದಿ ಹೇಳುವವನೇ ತಪ್ಪು ಒಪ್ಪಿಕೊಂಡ ಹಾಗೆ. ಕಾಯುವುದೇ ವಾಸಿ ಅನ್ನಿಸುತ್ತೆ, ಅಷ್ಟರಲ್ಲಿ ಒಣಗಿಬಿಟ್ಟರೆ ಸಾಕಪ್ಪ ಅಂತ.

ಇನ್ನೊಂದು ನೋಡಿ. ನಮ್ಮ ತೋಟಕ್ಕೆ ಆನೆ ಬಂದರೆ ಯಾರೂ ಸುಮ್ಮನಿರುವುದಿಲ್ಲ. ಅಸ್ಸಾಮಿನ ಹುಡುಗನಿಗೆ ಕನ್ನಡ ಬರಲ್ಲ, ಅವನೂ ಕೂಗುತ್ತಾನೆ. ಇಲ್ಲಿನ ಬುಡಕಟ್ಟಿನ ಯರವರ ಅಜ್ಜಿಯೂ ಕೂಗುತ್ತಾಳೆ. ಸಾಹುಕಾರರನ್ನು ಮಧ್ಯರಾತ್ರಿ ಎಬ್ಬಿಸಿದರೂ ಯಾರೂ ಬೈಯುವುದಿಲ್ಲ. ಐದು ನಿಮಿಷದಲ್ಲಿ ಪಕ್ಕದ ನಾಲ್ಕು ತೋಟಕ್ಕೆ ಸುದ್ದಿ. ಅದೇ ಜನ, ಅದೇ ಭಾಷೆಗಳ ಕಲಸುಮೇಲೋಗರ. ಆನೆ ಬಂದಿದ್ದಕ್ಕೆ 'ಯಾಕೆ ಬಂತು, ನೀನೇನು ಮಾಡ್ತಿದ್ದೆ' ಅಂತ ಯಾರೂ ಕೇಳಲ್ಲ, ಅದಕ್ಕೇ ಕೂಗುತ್ತಾರೆ. ಹಸಿ ಕಾಯಿಗೆ ಕೇಳುತ್ತಾರೆ.

ಕಾಫಿಕಣ, ಸಿದ್ದಾಪುರ

ಆನೆ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆದರೆ ನಮ್ಮ ರೈಟರಿಗೆ ನಾನು ಯಾವತ್ತೂ ಹಾಗೆ ಕೇಳಿಲ್ಲ.

ನೈಟ್ ಡ್ಯೂಟಿ ಸಿಸ್ಟರ್, ವಿರಾಜಪೇಟೆ

ಕೇಳಿಲ್ಲ ಅಂತ ನಿಮಗೆ ಅನ್ನಿಸುತ್ತೆ. ಅವರನ್ನೂ ಒಮ್ಮೆ ಕೇಳಿ ನೋಡಿ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಕೆಲಸದಲ್ಲಿ ಇದರ ಬಗ್ಗೆ ಒಂದು ಹೆಸರಾದ ಅಧ್ಯಯನ ಇದೆ. ಏಮಿ ಎಡ್ಮಂಡ್‌ಸನ್ ಅಂತ ಅಮೆರಿಕದವರು. 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡುತ್ತಿದ್ದರು. ಒಳ್ಳೆಯ ತಂಡದಲ್ಲಿ ತಪ್ಪು ಕಮ್ಮಿ ಇರುತ್ತೆ ಅಂದುಕೊಂಡಿದ್ದರಂತೆ. ಲೆಕ್ಕ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ತಪ್ಪಿನ ಸಂಖ್ಯೆ ಜಾಸ್ತಿ. ಕೆದಕಿ ನೋಡಿದರೆ ಅವರು ಜಾಸ್ತಿ ತಪ್ಪು ಮಾಡುತ್ತಿದ್ದರು ಅಂತಲ್ಲ, ಆದದ್ದನ್ನು ಮುಚ್ಚಿಡದೆ ಹೇಳುತ್ತಿದ್ದರು. ಬೇರೆ ವಾರ್ಡ್‌ಗಳಲ್ಲಿ ಪುಸ್ತಕ ಕ್ಲೀನ್, ಒಳಗಿನದು ದೇವರಿಗೇ ಗೊತ್ತು. 1999ರಲ್ಲಿ ಅವರು ಬರೆದ ಪ್ರಬಂಧದಿಂದಲೇ 'ಸೈಕಲಾಜಿಕಲ್ ಸೇಫ್ಟಿ', ಅಂದರೆ ಬಾಯಿಬಿಟ್ಟು ಹೇಳಿದರೆ ತೊಂದರೆಯಾಗಲ್ಲ ಅನ್ನುವ ಧೈರ್ಯ, ಅನ್ನುವ ಮಾತು ಎಲ್ಲ ಕಡೆ ಹಬ್ಬಿತು.

ಹಾಗಾಗಿ ನಿಮ್ಮ ತೋಟದಲ್ಲಿ ಹೋದ ವರ್ಷ ಒಂದೂ ದೂರು ಬಂದಿಲ್ಲ ಅಂದರೆ ಖುಷಿ ಪಡಬೇಡಿ. ನಾನಾಗಿದ್ದರೆ ಹೆದರುತ್ತಿದ್ದೆ.

ಕುಶಾಲನಗರದ ಹುಡುಗ, ಸದ್ಯ ಬೆಂಗಳೂರು

ಸಿಸ್ಟರ್ ಹೇಳಿದ್ದಕ್ಕೆ ನನ್ನದೂ ಒಂದು. ನಮ್ಮ ಟೀಮಿನಲ್ಲಿ ದಿನಾ ಬೆಳಿಗ್ಗೆ ನಿಂತುಕೊಂಡೇ ಮೀಟಿಂಗ್. 'ಏನಾದರೂ ತೊಂದರೆ ಇದೆಯಾ?' ಅಂತ ಮ್ಯಾನೇಜರ್ ಕೇಳುತ್ತಾರೆ. 'ಇಲ್ಲ' ಅಂತ ಹನ್ನೊಂದು ಜನ ಹೇಳುತ್ತೇವೆ. ಮಗ್ಗಿ ಒಪ್ಪಿಸಿದ ಹಾಗೆ. ಆಮೇಲೆ ಟೀ ಕುಡಿಯುವಾಗ ನಿಜವಾದ ತೊಂದರೆ ಹೊರಗೆ ಬರುತ್ತೆ. ಮೀಟಿಂಗ್ ಇಟ್ಟ ತಕ್ಷಣ ಮಾತು ಬರಲ್ಲ ಸರ್.

ಲೈನ್‌ಮನೆಯ ಮಗಳು, ಮೈಸೂರು

ಇಷ್ಟು ಹೊತ್ತು ಓದುತ್ತಿದ್ದೆ. ನಾನು ಸೋಮವಾರಪೇಟೆ ಕಡೆಯ ಒಂದು ತೋಟದ ಲೈನ್‌ಮನೆಯಲ್ಲಿ, ಅಂದರೆ ಕೂಲಿಯವರಿಗೆ ತೋಟದವರು ಕೊಡುವ ಸಾಲುಮನೆಯಲ್ಲಿ, ಬೆಳೆದವಳು. ನಮ್ಮಮ್ಮ ಕಣದಲ್ಲೇ ಕೆಲಸ ಮಾಡಿದವಳು. ಕಾಯಿ ಕೈಯಲ್ಲಿ ಹಿಡಿದೇ ಹೇಳುತ್ತಿದ್ದಳು, ಇನ್ನೂ ಎರಡು ಬಿಸಿಲು ಬೇಕು ಅಂತ. ಹೇಳುತ್ತಿದ್ದದ್ದು ನಮಗೆ, ಮನೆಗೆ ಬಂದ ಮೇಲೆ. ಅಲ್ಲಿ ಹೇಳುತ್ತಿರಲಿಲ್ಲ.

ಯಾಕೆ ಅಂದರೆ ಹಬ್ಬಕ್ಕೆ, ನನ್ನ ಶಾಲೆ ಫೀಸಿಗೆ ಅಡ್ವಾನ್ಸ್ ತೆಗೆದುಕೊಂಡಿರುತ್ತಿದ್ದಳು. ಸಾಲ ಇರುವವರ ಹತ್ತಿರ ಎದುರು ಮಾತಾಡಲು ನಾಲಿಗೆ ಏಳಲ್ಲ. ಮನೆ ಅವರದ್ದು, ಕೂಲಿ ಅವರದ್ದು, ಅಡ್ವಾನ್ಸ್ ಅವರದ್ದು. ಇದರ ಮೇಲೆ 'ಮನಸ್ಸು ಬಿಚ್ಚಿ ಮಾತಾಡು' ಅಂದರೆ ಹೇಗೆ? ಒಂದು ಸಲ ಹೇಳಿದ್ದಳು. 'ನಿನ್ ಕೆಲಸ ನೋಡ್ಕೋ' ಅಂದರು. ಆಮೇಲೆ ಎಂಟು ವರ್ಷ ತನ್ನ ಕೆಲಸವನ್ನೇ ನೋಡಿಕೊಂಡಳು.

ಕಾಫಿಕಣ ಸರ್, ಒಂದೇ ಪ್ರಶ್ನೆ. ನಿಮ್ಮ 22 ಚೀಲ ಉಳಿಯುವ ಮಾತು ಬೇಕು ನಿಮಗೆ. ಕೂಲಿ ಜಾಸ್ತಿ ಮಾಡಿ ಅಂತಲೋ, ಮನೆ ಸೋರುತ್ತೆ ಅಂತಲೋ ಅದೇ ಹೆಂಗಸು ಬಂದು ಹೇಳಿದರೆ ಅದನ್ನೂ ಓಪನ್ ಕಮ್ಯುನಿಕೇಶನ್ ಅನ್ನುತ್ತೀರಾ, ಇಲ್ಲ ಬಾಯಿ ಜಾಸ್ತಿ ಅನ್ನುತ್ತೀರಾ?

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಕೂಲಿ ವಿಷಯ ಬೇರೆ, ಕೆಲಸದ ವಿಷಯ ಬೇರೆ. ಎರಡನ್ನೂ ಕಲಸಬೇಡಿ.

ಲೈನ್‌ಮನೆಯ ಮಗಳು, ಮೈಸೂರು

ಬಾಯಿ ಒಂದೇ ಅಲ್ವಾ ಸರ್. ಒಂದು ಮಾತಿಗೆ ಮುಚ್ಚಿಸಿದರೆ ಇನ್ನೊಂದಕ್ಕೂ ಮುಚ್ಚುತ್ತೆ.

20 ವರ್ಷದ ರೈಟರ್, ಅಮ್ಮತ್ತಿ

ಈ ಹುಡುಗಿ ಹೇಳಿದ್ದು ನೂರಕ್ಕೆ ನೂರು ಒಪ್ಪಲ್ಲ ನಾನು. ಸಣ್ಣ ಬೆಳೆಗಾರರ ಹತ್ತಿರವೂ ಹಣ ಇರಲ್ಲ. ಕೇಳಿದ್ದನ್ನೆಲ್ಲ ಕೊಡಲು ಆಗಲ್ಲ. ಆದರೆ 'ಆಗಲ್ಲ, ಯಾಕೆ ಅಂದರೆ ಹೀಗೆ' ಅಂತ ಕಾರಣ ಕೊಟ್ಟರೆ ಜನ ಕೇಳುತ್ತಾರೆ. ಉತ್ತರವೇ ಕೊಡದೆ ಜೀಪ್ ಹತ್ತಿ ಹೋದರೆ ಅಲ್ಲಿಗೆ ಮುಗಿಯಿತು.

ಮತ್ತೆ, ಎಲ್ಲರ ಎದುರು ಕೇಳಬೇಡಿ ಸರ್. ನಮ್ಮ ಕಣದಲ್ಲಿ ಕನ್ನಡ, ಮಲಯಾಳಂ, ತಮಿಳು, ಯರವ ಭಾಷೆ, ಅಸ್ಸಾಮಿನವರ ಹಿಂದಿ, ಎಲ್ಲ ನಡೆಯುತ್ತೆ. ಸಾಲಾಗಿ ನಿಲ್ಲಿಸಿ ಕನ್ನಡದಲ್ಲಿ ಕೇಳಿದರೆ ಉತ್ತರ ಕೊಡುವುದು ಮೇಸ್ತ್ರಿ ಒಬ್ಬನೇ. ಅವನು ಯಾವತ್ತೂ 'ಎಲ್ಲ ಸರಿ ಇದೆ ಸಾರ್'.

ನೈಟ್ ಡ್ಯೂಟಿ ಸಿಸ್ಟರ್, ವಿರಾಜಪೇಟೆ

ಇದಕ್ಕೆ ನಮ್ಮಲ್ಲಿ ಒಂದು ಉಪಾಯ ಇದೆ. ಆಪರೇಷನ್ ಶುರುವಾಗುವ ಮುಂಚೆ ಒಳಗಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಬಾಯಿಬಿಟ್ಟು ಹೇಳಬೇಕು. 2008ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತಂದ ಚೆಕ್‌ಲಿಸ್ಟಿನಲ್ಲೇ ಇದೆ. ಮೊದಲು ತಮಾಷೆ ಅನ್ನಿಸುತ್ತಿತ್ತು. ಆದರೆ ಒಮ್ಮೆ ತನ್ನ ದನಿ ಆ ರೂಮಿನಲ್ಲಿ ಕೇಳಿಸಿದವಳಿಗೆ ಎರಡನೇ ಸಲ 'ಡಾಕ್ಟ್ರೇ, ಒಂದು ನಿಮಿಷ' ಅನ್ನುವುದು ಸುಲಭ. ಸುಬೇದಾರ್ ಸರ್, ನೋಡಿ, ಪಟ್ಟಿ ಒಳಗೇ ಬಾಯಿಯೂ ಇದೆ.

ಇನ್ನೊಂದು, 'ತೊಂದರೆ ಇದೆಯಾ' ಅಂತ ಕೇಳಬೇಡಿ. ಪೇಷಂಟ್‌ಗೆ 'ಚೆನ್ನಾಗಿದ್ದೀರಾ' ಅಂದರೆ 'ಹೂಂ' ಅನ್ನುತ್ತಾರೆ. 'ರಾತ್ರಿ ಎಷ್ಟು ಸಲ ಎದ್ದಿರಿ' ಅಂದರೆ ಇಡೀ ಕಥೆ ಬರುತ್ತೆ.

ಹೋಂಸ್ಟೇ ಅಕ್ಕ, ಮಡಿಕೇರಿ

ಇದು ಚೆನ್ನಾಗಿದೆ. ನಾಳೆಯಿಂದ 'ಎಲ್ಲ ಓಕೆನಾ' ಬಿಟ್ಟು 'ಇವತ್ತು ಯಾವ ರೂಮಲ್ಲಿ ಏನು ಕೆಟ್ಟಿದೆ' ಅಂತ ಕೇಳುತ್ತೇನೆ. ಆಮೇಲೆ ರಿಪೇರಿಗೆ ದುಡ್ಡು ಎಲ್ಲಿಂದ ತರುವುದೋ ನೋಡೋಣ.

ಕಾಫಿಕಣ, ಸಿದ್ದಾಪುರ

ಹತ್ತು ದಿನ ಆಯಿತು, ಬಂದೆ. ಮೊದಲು ತಪ್ಪೊಪ್ಪಿಗೆ. ರೈಟರನ್ನು ಕೇಳಿದೆ. ಎರಡು ವರ್ಷದ ಹಿಂದೆ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಯಂತ್ರದ ಸದ್ದು ಬದಲಾಗಿದೆ ಅಂತ ಅವರು ಹೇಳಿದ್ದರಂತೆ. ನಾನು 'ನಿಮಗೆ ಕಿವಿ ಪರೀಕ್ಷೆ ಮಾಡಿಸಬೇಕು' ಅಂತ ಎಲ್ಲರ ಎದುರು ನಕ್ಕಿದ್ದೆನಂತೆ. ನನಗೆ ನೆನಪೇ ಇಲ್ಲ. ಅವರಿಗೆ ತಾರೀಖು ಸಮೇತ ನೆನಪಿದೆ. ಬೇರಿಂಗ್ ಹೋಗಿದ್ದು ಮಾತ್ರ ನನಗೂ ನೆನಪಿದೆ.

ಈಗ ಸಂಜೆ ಚೆರಿಗೆ ಟಾರ್ಪಾಲ್ ಹೊದಿಸುವ ಮುಂಚೆ ಕಣದ ಸುತ್ತ ಒಂದು ಸುತ್ತು ಹಾಕುತ್ತೇನೆ. ಮೇಸ್ತ್ರಿ ಇಲ್ಲದೆ. ಕೈಯಾಡಿಸುವವರ ಪಕ್ಕ ಕೂತು ಕಾಯಿ ಅಲ್ಲಾಡಿಸಿ ಅವರ ಕಿವಿಗೂ ಹಿಡಿಯುತ್ತೇನೆ. ಮೀಟರ್ ರೀಡಿಂಗ್ ಬರೆಯುವ ಪುಸ್ತಕದಲ್ಲೇ 'ಕೈಗೆ ಏನನ್ನಿಸಿತು' ಅಂತ ಒಂದು ಕಾಲಂ ಹಾಕಿಸಿದೆ. ಅಳತೆ ಡಬ್ಬಕ್ಕೆ ತುಂಬಿ ದಿನಾ ತೂಕ ನೋಡುವ ಹಳೆ ಪದ್ಧತಿಯನ್ನೂ ವಾಪಸ್ ತಂದೆ. ತೂಕ ಇಳಿಯುವುದು ನಿಂತರೆ ಒಣಗಿತು ಅಂತ ಲೆಕ್ಕ. ಹೀಗೆ ಶುರು ಮಾಡಿದ ನಾಲ್ಕನೇ ದಿನ ಮೀಟರ್ 11 ಅಂದಿತು, ಕೈಯಾಡಿಸುವ ಆಯಮ್ಮ ಇಲ್ಲ ಅಂತ ತಲೆ ಅಲ್ಲಾಡಿಸಿದರು. ಡಬ್ಬದ ತೂಕವೂ ಇನ್ನೂ ಇಳಿಯುತ್ತಲೇ ಇತ್ತು. ಎರಡು ದಿನ ಕಾದೆವು. ಮೀಟರು ಸರ್ವಿಸಿಗೆ ಹೋಗಿದೆ.

ಲೈನ್‌ಮನೆಯ ಮಗಳಿಗೆ ಉತ್ತರ ಕೊಡುವುದು ಬಾಕಿ ಇತ್ತು. ಮೊದಲ ಸಂಜೆ ಸಿಸ್ಟರ್ ಹೇಳಿದ ಹಾಗೇ ಕೇಳಿದೆ, 'ಇವತ್ತು ಯಾವ ಮೂಲೆ ಹಸಿ?' ಅಂತ. ಆಯಮ್ಮ ತಲೆ ಎತ್ತದೆ ಕೇಳಿದರು, 'ಕಣದ್ದಾ, ನಮ್ಮ ಮನೇದಾ?'

ಹೋದ ಮಳೆಗಾಲದಿಂದ ಮೂರು ಮನೆ ಸೋರುತ್ತಿವೆ. ಹೂಮಳೆ ಬರುವ ಮುಂಚೆ ಶೀಟ್ ಹಾಕಿಸುತ್ತೇನೆ ಅಂದಿದ್ದೇನೆ. ಕೂಲಿ ಬಗ್ಗೆ ಈ ವರ್ಷ ಆಗಲ್ಲ ಅಂದೆ, ಚೀಲದ ಲೆಕ್ಕವನ್ನೂ ತೋರಿಸಿದೆ. ಒಪ್ಪಿದರೋ ಇಲ್ಲವೋ ಗೊತ್ತಾಗಲಿಲ್ಲ.

ನಿವೃತ್ತ ಸುಬೇದಾರ್, ಪೊನ್ನಂಪೇಟೆ

ಆ ಕಾಲಂ ಐಡಿಯಾ ಪರವಾಗಿಲ್ಲ. ನಮ್ಮ ತೋಟದಲ್ಲೂ ಹಾಕಿಸುತ್ತೇನೆ.

ಲೈನ್‌ಮನೆಯ ಮಗಳು, ಮೈಸೂರು

ಶೀಟ್ ಹಾಕಿದ ಮೇಲೆ ಇಲ್ಲೇ ಬಂದು ಹೇಳಿ ಸರ್. ನಾನು ನೋಡುತ್ತಿರುತ್ತೇನೆ.