ಸಹಾಯ ಬೇಕು: ನೀರಿನಲ್ಲಿಟ್ಟ ಮೇಲೆ ಹಲ್ಲಿನ ಕಾಂಪೋಸಿಟ್ ಬಲ ಕಳೆದುಕೊಳ್ಳುತ್ತಿದೆ

ಎಲ್ಲರಿಗೂ ನಮಸ್ಕಾರ. ಎಂಡಿಎಸ್ ಥೀಸಿಸ್‌ಗಾಗಿ ಹಲ್ಲಿನ ಕುಳಿ ತುಂಬುವ ಕಾಂಪೋಸಿಟ್ (ರೆಸಿನ್‌ಗೆ ಫಿಲ್ಲರ್ ಪುಡಿ ಬೆರೆಸಿದ ವಸ್ತು) ತಯಾರಿಸುತ್ತಿದ್ದೇನೆ. ಬೆಳಕು ಬಿದ್ದರೆ ಗಟ್ಟಿಯಾಗುವ ರೆಸಿನ್‌ನಲ್ಲಿ ಬಿಸ್-ಜಿಎಂಎ (ಮಂದವಾದ ಮುಖ್ಯ ಮಾನೋಮರ್) 70 ಭಾಗ, ಟೆಗ್‌ಡಿಎಂಎ (ಅದನ್ನು ತೆಳುವಾಗಿಸುವ ಮಾನೋಮರ್) 30 ಭಾಗ. ಫಿಲ್ಲರ್ ಬೇರಿಯಂ ಗಾಜಿನ ಪುಡಿ, ತೂಕದಲ್ಲಿ ಶೇ. 70. ಅದಕ್ಕೆ ಸಿಲೇನ್ (ಗಾಜನ್ನೂ ರೆಸಿನನ್ನೂ ಬೆಸೆಯುವ ರಾಸಾಯನಿಕ) ಲೇಪನ ನಾನೇ ಮಾಡುತ್ತೇನೆ.

25×2×2 ಮಿ.ಮೀ. ಕಡ್ಡಿಗಳನ್ನು ಒಣಗಿದ್ದಾಗಲೇ ಬಾಗಿಸಿ ಮುರಿದರೆ ಬಲ ಚೆನ್ನಾಗಿಯೇ ಬರುತ್ತದೆ. 37 ಡಿಗ್ರಿ ನೀರಿನಲ್ಲಿ 24 ಗಂಟೆ ಇಟ್ಟರೆ ಮಾತ್ರ, ಇಂಥ ವಸ್ತುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 4049 ಕೇಳುವ 80 ಮೆಗಾಪ್ಯಾಸ್ಕಲ್‌ಗಿಂತ ಕೆಳಗಿಳಿಯುತ್ತದೆ. ದವಡೆ ಹಲ್ಲಿಗೆ ಇದು ಸಾಲದು. ಬಾಯಲ್ಲಿ ಯಾವಾಗಲೂ ತೇವ ಇದ್ದೇ ಇರುತ್ತದೆ ಅಲ್ವಾ?

ಲೈಟ್ ಕ್ಯೂರಿಂಗ್ ಜಾಸ್ತಿ ಹೊತ್ತು ಮಾಡಿದೆ, ಎರಡೂ ಬದಿಯಿಂದ ಬೆಳಕು ಕೊಟ್ಟೆ, ಗಾಳಿಗುಳ್ಳೆ ಹೋಗಲೆಂದು ವ್ಯಾಕ್ಯೂಮ್‌ನಲ್ಲಿ ಇಟ್ಟೆ. ಏನೂ ಬದಲಾಗಲಿಲ್ಲ. ಮುರಿದ ಮುಖವನ್ನು ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಸೂಕ್ಷ್ಮದರ್ಶಕ) ನೋಡಿದರೆ ಗಾಜಿನ ಕಣಗಳ ಮೇಲೆ ರೆಸಿನ್ ಅಂಟಿಕೊಂಡೇ ಇಲ್ಲ. ಕಣ ಕಿತ್ತುಬಂದ ಕಡೆ ನುಣುಪಾದ ಗುಳಿಗಳು. ಹಾಗಾಗಿ ಸಿಲೇನ್ ಮೇಲೇ ಅನುಮಾನ. ಮೆಥಾಕ್ರಿಲೇಟ್ ಸಿಲೇನನ್ನು ಎಥನಾಲ್ ಬೆರೆಸಿದ ನೀರಿನಲ್ಲಿ, ಅಸಿಟಿಕ್ ಆಮ್ಲದಿಂದ ಪಿಎಚ್ 4ರ ಹತ್ತಿರ ತಂದು, ಪುಡಿ ಹಾಕಿ ಕಲಕಿ, 110 ಡಿಗ್ರಿಯಲ್ಲಿ ಒಣಗಿಸುತ್ತೇನೆ.

ಗೊಂದಲ ಇಲ್ಲೇ. ಸಿಲೇನ್ ಸಾಲದೆ ಕಣಗಳು ಬರಿದಾಗಿ ಉಳಿದಿವೆಯೋ, ಇಲ್ಲ ಜಾಸ್ತಿಯಾಗಿ ದಪ್ಪ ಪದರ ಕೂತು ನೀರಿಗೆ ಬಿಟ್ಟುಕೊಳ್ಳುತ್ತಿದೆಯೋ? ಇದನ್ನು ಪತ್ತೆ ಮಾಡಲು ಪುಡಿಗೆ ಟಿಜಿಎ (ಬಿಸಿ ಮಾಡುತ್ತಾ ತೂಕ ಎಷ್ಟು ಇಳಿಯಿತೆಂದು ನೋಡುವ ಪರೀಕ್ಷೆ) ಮಾಡಿಸಿದರೆ ಸಾಕಾ, ಎಫ್‌ಟಿಐಆರ್ (ಅತಿಗೆಂಪು ಬೆಳಕಿನಿಂದ ರಾಸಾಯನಿಕ ಬಂಧ ಗುರುತಿಸುವ ಪರೀಕ್ಷೆ) ಕೂಡ ಬೇಕಾ? ಫಿಲ್ಲರ್‌ಗೆ ಸಿಲೇನ್ ಲೇಪಿಸಿ ಅನುಭವ ಇರುವವರು ದಯವಿಟ್ಟು ತಿಳಿಸಿ.