ಸಹಾಯ ಬೇಕು: ಬೆಳಿಗ್ಗೆ ತಣ್ಣಗಿದ್ದಾಗ ಮಾತ್ರ ಕಾರ್ ಇಂಜಿನ್ ನಡುಗುತ್ತದೆ

ಪುಣೆಯ ಕನ್ನಡ ಬಂಧುಗಳಿಗೆ ನಮಸ್ಕಾರ. ಕಾತ್ರಜ್ ಹತ್ತಿರ ಇದ್ದೇನೆ. 2012ರ ಪೆಟ್ರೋಲ್ ಕಾರು, ಎಂಬತ್ತೆಂಟು ಸಾವಿರ ಕಿಲೋಮೀಟರ್ ಓಡಿದೆ.

ಚಳಿ ಶುರುವಾದ ಮೇಲೆ ಈ ತೊಂದರೆ. ಬೆಳಿಗ್ಗೆ ಸ್ಟಾರ್ಟ್ ಆಗುತ್ತದೆ, ಆದರೆ ಸ್ಟೇರಿಂಗ್ ಅದುರುವಷ್ಟು ನಡುಗುತ್ತದೆ. ಗೇರ್ ಹಾಕಿ ಕ್ಲಚ್ ಬಿಟ್ಟರೆ ಕೆಮ್ಮಿದ ಹಾಗೆ ಮಾಡಿ ಆಫ್. ಏಳೆಂಟು ನಿಮಿಷ ಬಿಸಿಯಾದರೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತದೆ. ವಾರಕ್ಕೆ ಮೂರು ದಿನ ಆರೂವರೆಗೆ ಅಪ್ಪನನ್ನು ಡಯಾಲಿಸಿಸ್‌ಗೆ ಕರೆದೊಯ್ಯಬೇಕು. ಮೊನ್ನೆ ಸಿಗ್ನಲ್‌ನಲ್ಲೇ ನಿಂತುಹೋಯಿತು, ತುಂಬಾ ಭಯವಾಯಿತು.

ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಹೊಸದು. ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿದೆ. ಕೂಲೆಂಟ್ (ಇಂಜಿನ್ ತಂಪಿಡುವ ದ್ರವ) ಎಷ್ಟು ಬಿಸಿ ಇದೆ ಅಂತ ಅಳೆಯುವ ಸೆನ್ಸರ್ ಮೇಲೆ ಅನುಮಾನ ಇತ್ತು. ಆದರೆ ಸ್ಕ್ಯಾನರ್ ಹಾಕಿದರೆ ಬೆಳಿಗ್ಗೆ ಕೂಲೆಂಟ್ 14 ಡಿಗ್ರಿ, ಒಳಬರುವ ಗಾಳಿ 15 ಡಿಗ್ರಿ ತೋರಿಸುತ್ತದೆ. ರಾತ್ರಿಯೆಲ್ಲಾ ನಿಂತ ಗಾಡಿಯಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ, ಅಂದರೆ ಸೆನ್ಸರ್ ಸರಿಯೇ ಇದೆ ಅಲ್ವಾ? ಕೋಡ್ ಪಿ0171, ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಎರಡು ನಿಮಿಷದ ನಂತರ ಫ್ಯೂಯಲ್ ಟ್ರಿಮ್ (ಕೊರತೆ ತುಂಬಲು ಕಾರಿನ ಕಂಪ್ಯೂಟರ್ ಹೆಚ್ಚುವರಿಯಾಗಿ ಸೇರಿಸುವ ಪೆಟ್ರೋಲ್) ಶೇಕಡಾ 18ರ ಆಸುಪಾಸು. ಪೂರ್ತಿ ಬಿಸಿಯಾದಾಗ 4ಕ್ಕೆ ಇಳಿಯುತ್ತದೆ.

ನಾನು ಸಿಕ್ಕಿಕೊಂಡಿರುವುದು ಇಲ್ಲೇ. ಒಬ್ಬ ಮೆಕ್ಯಾನಿಕ್ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕಟ್ಟಿಕೊಂಡಿದೆ ಅನ್ನುತ್ತಾರೆ. ಇನ್ನೊಬ್ಬರು ಇನ್‌ಟೇಕ್ ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಒಯ್ಯುವ ಕೊಳವೆ) ಗ್ಯಾಸ್ಕೆಟ್‌ನಲ್ಲಿ ಗಾಳಿ ಸೋರುತ್ತಿದೆ, ಬಿಸಿಗೆ ಹಿಗ್ಗಿ ಮುಚ್ಚಿಕೊಳ್ಳುತ್ತದೆ ಅನ್ನುತ್ತಾರೆ. ಆದರೆ ಸೋರಿಕೆ ನೋಡಿದ್ದು ಮಧ್ಯಾಹ್ನ, ಇಂಜಿನ್ ಬಿಸಿ ಇದ್ದಾಗ. ಏನೂ ಸಿಗಲಿಲ್ಲ.

ಸುಮ್ನೆ ಎರಡೂ ಬಿಚ್ಚಿಸುವಷ್ಟು ದುಡ್ಡಿಲ್ಲ. ಇವೆರಡರಲ್ಲಿ ಯಾವುದು ಅಂತ ಮೊದಲೇ ಖಚಿತ ಮಾಡಿಕೊಳ್ಳುವುದು ಹೇಗೆ? ರಾತ್ರಿ ಗಾಡಿ ಬಿಟ್ಟು, ಬೆಳಿಗ್ಗೆ ತಣ್ಣಗಿದ್ದಾಗಲೇ ಸ್ಮೋಕ್ ಟೆಸ್ಟ್ (ಹೊಗೆ ಬಿಟ್ಟು ಸೋರಿಕೆ ಹುಡುಕುವ ಪರೀಕ್ಷೆ) ಮಾಡಿಕೊಡುವವರು ಕಾತ್ರಜ್, ಧನಕವಡಿ ಕಡೆ ಯಾರಾದರೂ ಗೊತ್ತಾ?