ಅಸೈನ್‌ಮೆಂಟಿನಲ್ಲಿ ‘ನಿನ್ನ ಮಾತು ಎಲ್ಲಿ?’ ಅಂದರೆ ಏನು ಬರೆಯಬೇಕು?

ಪ್ರಶ್ನೆ: ತಂಗಿ ಈ ವರ್ಷ ಎಂ.ಎ. ಇತಿಹಾಸಕ್ಕೆ ಸೇರಿದ್ದಾಳೆ. ಡಿಗ್ರಿಯಲ್ಲಿ ಫಸ್ಟ್ ಕ್ಲಾಸ್. ಮೊದಲ ಅಸೈನ್‌ಮೆಂಟ್ 15 ಪುಟ ಬರೆದುಕೊಟ್ಟಳು. ‘ಇದರಲ್ಲಿ ನಿನ್ನ ಮಾತು ಎಲ್ಲಿ?’ ಅಂತ ಬರೆದು ವಾಪಸ್ ಕೊಟ್ಟಿದ್ದಾರೆ. ಅಳುತ್ತಾ ಕೂತಿದ್ದಾಳೆ. ಮೇಷ್ಟ್ರು ಕೇಳುತ್ತಿರುವುದು ಏನು?

ಎಂ.ಎ. ಮುಗಿಸಿದವಳು: ನನಗೂ ಹೀಗೇ ಆಗಿತ್ತು ಅಕ್ಕ. ‘ಕ್ರಿ.ಶ. 450ರ ಹಲ್ಮಿಡಿ ಶಾಸನ ಕನ್ನಡದ ಮೊದಲ ಶಾಸನ’ ಎಂದು ಶುರು ಮಾಡಿದ್ದೆ. ಪಿಯುಸಿವರೆಗೂ ಈ ವಾಕ್ಯಕ್ಕೆ ಕಣ್ಣುಮುಚ್ಚಿ ಅಂಕ ಬರುತ್ತಿತ್ತು, ಅಲ್ವಾ! ಮೇಡಂ 450ಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ‘ಇದು ಶಾಸನದಲ್ಲಿ ಇದೆಯಾ?’ ಎಂದರು. ಶಾಸನದಲ್ಲಿ ಕೆತ್ತಿರುವ ಮಾತುಗಳನ್ನು ನಾನು ನೋಡಿಯೇ ಇರಲಿಲ್ಲ. ಲೈಬ್ರರಿಗೆ ಹೋಗಿ ನೋಡಿದೆ. 16 ಸಾಲು, ಎಲ್ಲೂ ಇಸವಿ ಇಲ್ಲ. ಲಿಪಿಯ ರೀತಿ, ಅದರಲ್ಲಿ ಬರುವ ಕದಂಬ ರಾಜನ ಹೆಸರು ಇಂಥವುಗಳಿಂದ ವಿದ್ವಾಂಸರು ಅಂದಾಜು ಮಾಡಿದ ಕಾಲ ಅದು. ಪುಸ್ತಕದಲ್ಲಿ ‘ಸುಮಾರು’ ಅಂತ ಇತ್ತು. ಇಳಿಸಿಕೊಳ್ಳುವಾಗ ನಾನೇ ಬಿಟ್ಟಿದ್ದೆ! ‘ಮೊದಲ’ ಅನ್ನುವುದಕ್ಕೂ ತಕರಾರಿದೆ. ತಾಳಗುಂದದ ಸಿಂಹಕಟಾಂಜನ ಶಾಸನ ಇನ್ನೂ ಹಳೆಯದು, ಸುಮಾರು 370ರದ್ದು ಎನ್ನುವವರಿದ್ದಾರೆ.

ಎರಡನೇ ಸಲ ಬರೀ 4 ಪುಟ ಬರೆದೆ. ಯಾರು ಏನು ಹೇಳಿದರು, ಯಾವ ಪುಸ್ತಕ, ಯಾವ ಪುಟ, ಯಾರ ಮಾತು ನನಗೆ ಸರಿ ಅನಿಸಿತು, ಯಾಕೆ. ಆ ‘ಯಾಕೆ’ ಇದೆಯಲ್ಲ, ಅದನ್ನೇ ಮೇಷ್ಟ್ರು ಕೇಳುತ್ತಿರುವುದು. ಹೊಸ ಶಾಸನ ಅಗೆದು ತಾ ಅಂತಲ್ಲ.

ಅತಿಥಿ ಉಪನ್ಯಾಸಕ: ನಮ್ಮ ತಪ್ಪೂ ಇದೆ. ಡಿಗ್ರಿಯಲ್ಲಿ ನೋಟ್ಸ್ ಬರೆಸುವವರು ನಾವೇ, ಎಂ.ಎ.ಯಲ್ಲಿ ಸ್ವಂತ ಯೋಚನೆ ಎಲ್ಲಿ ಅಂತ ಬೈಯುವವರೂ ನಾವೇ. ತಂಗಿ ಸುಮ್ನೆ ಹೋಗಿ, ‘ಸರ್, ಚೆನ್ನಾಗಿ ಬರೆದ ಹಳೇ ಅಸೈನ್‌ಮೆಂಟ್ ಒಂದು ತೋರಿಸ್ತೀರಾ?’ ಅಂತ ಕೇಳಲಿ. ನನ್ನ ಬೀರುವಿನಲ್ಲಿ ಎರಡು ಇಟ್ಟಿದ್ದೇನೆ. ಇವತ್ತಿನವರೆಗೆ ಕೇಳಿದವರು ಮೂರೇ ಜನ.

ಇನ್ನೊಬ್ಬರು: ‘ಶೇ. 10 ಕಾಪಿ ನಡೆಯುತ್ತೆ’ ಅಂತ ಸೀನಿಯರ್‌ಗಳು ಹೇಳಿದರೆ ನಂಬಬೇಡಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಲ್ಲಿ ಬೇರೆಯವರ ಬರಹದ ಜೊತೆ ಶೇ. 10ರವರೆಗಿನ ಹೋಲಿಕೆಗೆ ದಂಡ ಇಲ್ಲ, ಅದು ನಿಜ. ಆದರೆ ಕೇಳಿ, ನನ್ನ ಪ್ರಾಜೆಕ್ಟ್‌ಗೆ ಹೋಲಿಕೆ ಶೇ. 8 ಮಾತ್ರ ಬಂದು ಬೀಗಿದ್ದೆ. ಆ 8ರಲ್ಲಿ ಒಂದು ಇಡೀ ಪ್ಯಾರಾ ಬೇರೆಯವರದು, ಹೆಸರು ಹಾಕಿರಲಿಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಅದನ್ನೇ ಗಟ್ಟಿಯಾಗಿ ಓದಿಸಿದರು.

ಪ್ರಶ್ನೆ ಕೇಳಿದವಳು: ಈಗಷ್ಟೇ ತಿರುವಿ ನೋಡಿದೆ. 15 ಪುಟದಲ್ಲಿ ಒಂದೇ ಒಂದು ಪುಸ್ತಕದ ಹೆಸರಿಲ್ಲ. ನಾಳೆ ಹೋಗಿ ಹಳೇ ಅಸೈನ್‌ಮೆಂಟ್ ಕೇಳುತ್ತಾಳಂತೆ.